ಮನೆಯ ಮೇಲಿನ ತೆನೆಗೆ ಅರಸನ ಒಪ್ಪಿಗೆ: ಅದು ಕೋಟೆಯೋ, ವಾಡೆಯೋ?

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ಮಕ್ಕಳು ದೊಡ್ಡವರಾದ ಮೇಲೆ, ಹತ್ತಿರದಲ್ಲಿರುವ ಒಂದು ಹಳೆಯ ಕಲ್ಲಿನ ಮನೆಯಲ್ಲಿ ವಾರಾಂತ್ಯದ ಸ್ವಯಂಸೇವಕಿಯಾಗಿ ಸೇರಿಕೊಂಡು ಪ್ರವಾಸಿಗರಿಗೆ ವಿವರಣೆ ಕೊಡುತ್ತೇನೆ. 14ನೇ ಶತಮಾನದ ಮನೆ, ಸುತ್ತಲೂ ನೀರಿನ ಕಂದಕ, ಗೋಡೆಯ ಮೇಲೆ ಕೋಟೆಯಂತೆ ಹಲ್ಲುಹಲ್ಲಾದ ತೆನೆಗಳ ಸಾಲು. ನಮಗೆ ಕೊಟ್ಟಿರುವ ಟಿಪ್ಪಣಿಯಲ್ಲಿ, ‘ಅರಸನ ಪರವಾನಗಿ ಇಲ್ಲದೆ ಯಾರೂ ಮನೆಗೆ ತೆನೆ ಕಟ್ಟುವಂತಿರಲಿಲ್ಲ, ಕಟ್ಟಿದರೆ ಕೆಡವಿಸುತ್ತಿದ್ದರು, ಕೆಲವೊಮ್ಮೆ ಗಲ್ಲಿಗೂ ಹಾಕುತ್ತಿದ್ದರು’ ಎಂದಿದೆ. ನಾನೂ ಅದನ್ನೇ ಹೇಳುತ್ತಾ ಬಂದೆ. ಕಳೆದ ತಿಂಗಳು ಹಿರಿಯ ಪ್ರವಾಸಿಯೊಬ್ಬರು, ‘ಅದೆಲ್ಲ ಹಳೆಯ ಕಥೆ, ಆ ಪರವಾನಗಿ ಬರೀ ದೊಡ್ಡಸ್ತಿಕೆಯ ಕಾಗದ’ ಎಂದು ಎಲ್ಲರ ಎದುರಿಗೇ ತಿದ್ದಿದರು. ಅದೇ ವಾರ ಧಾರವಾಡದಿಂದ ಬಂದಿದ್ದ ನಮ್ಮ ತಂದೆ ಮನೆಯನ್ನೆಲ್ಲ ಸುತ್ತಿ ನೋಡಿ, ‘ಇದು ಕೋಟೆಯಲ್ಲ, ನಮ್ಮ ಕಡೆಯ ದೇಸಾಯರ ವಾಡೆ ಇದ್ದ ಹಾಗಿದೆ, ವಾಡೆ ಕಟ್ಟುವುದಕ್ಕೆ ಅರಸನನ್ನು ಏಕೆ ಕೇಳಬೇಕು?’ ಎಂದರು. ನಿಜವಾಗಿಯೂ ಅಂಥ ಕಾನೂನು ಇತ್ತೇ? ಶುಲ್ಕ ಎಷ್ಟು? ಕೇಳದೆ ಕಟ್ಟಿದವರ ಗತಿ ಏನಾಯಿತು? ಮುಂದಿನ ಶನಿವಾರ ಜನರ ಮುಂದೆ ನಾನು ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಒಂದು ಸುತ್ತು ಹಾಕಿ ಹೇಳಿದ ಮಾತಿಗೆ ಬರಲು ಇಂಗ್ಲೆಂಡಿನ ಇತಿಹಾಸಕಾರರಿಗೆ ಬಹಳ ಕಾಲ ಹಿಡಿಯಿತು. ನಿಮ್ಮನ್ನು ತಿದ್ದಿದ ಆ ಹಿರಿಯರು ಪೂರ್ತಿ ಸರಿಯೂ ಅಲ್ಲ, ಪೂರ್ತಿ ತಪ್ಪೂ ಅಲ್ಲ. ನಿಮ್ಮ ಟಿಪ್ಪಣಿ ಮಾತ್ರ ತಪ್ಪಿನ ಕಡೆಗೇ ಹೆಚ್ಚು ವಾಲಿದೆ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಇಷ್ಟು ದಿನ ಹೇಳಿಕೊಂಡು ಬಂದ ಮಾತು ಸುಳ್ಳೇನೋ ಎಂಬ ಅಳುಕು ಒಂದು ಕಡೆ, ಅದನ್ನು ಬಿಟ್ಟರೆ ಹೇಳಲು ಉಳಿಯುವುದೇನು ಎಂಬ ಯೋಚನೆ ಇನ್ನೊಂದು ಕಡೆ. ಹಳೆಯ ದಾಖಲೆಗಳ ನಡುವೆ ವರ್ಷಗಳನ್ನು ಕಳೆದವನಾಗಿ ಒಂದು ಮಾತು ಹೇಳುತ್ತೇನೆ: ಈ ವಿಷಯದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ನಿಯಮ ಇತ್ತೇ ಎನ್ನುವುದು ಒಂದು, ಅದನ್ನು ಜಾರಿ ಮಾಡಿದರೇ ಎನ್ನುವುದು ಇನ್ನೊಂದು, ಜನ ಪರವಾನಗಿಯನ್ನು ಏಕೆ ಬೇಡಿದರು ಎನ್ನುವುದು ಮತ್ತೊಂದು. ನಿಮ್ಮ ಟಿಪ್ಪಣಿ ಮೂರಕ್ಕೂ ಒಂದೇ ಉತ್ತರ ಕೊಟ್ಟು ಕೈತೊಳೆದುಕೊಂಡಿದೆ.

ತೆನೆಯಿಂದಲೇ ಶುರು ಮಾಡೋಣ. ಗೋಡೆಯ ನೆತ್ತಿಯಲ್ಲಿ ಒಂದು ಎತ್ತರ, ಒಂದು ಕಚ್ಚು, ಮತ್ತೆ ಒಂದು ಎತ್ತರ. ಬಿಲ್ಲುಗಾರ ಎತ್ತರದ ಹಿಂದೆ ಅಡಗಿ, ಕಚ್ಚಿನ ನಡುವೆ ಬಾಣ ಬಿಡುತ್ತಾನೆ. ಕನ್ನಡ ಮೇಲೆದ್ದ ಭಾಗವನ್ನು ನೋಡಿ ತೆನೆ ಎಂದಿತು. ಫ್ರೆಂಚರು ನಡುವಿನ ಕಚ್ಚನ್ನು ನೋಡಿ ಕ್ರೆನೆಲ್ ಎಂದರು. ಅಲ್ಲಿಂದಲೇ ‘ಲೈಸೆನ್ಸ್ ಟು ಕ್ರೆನೆಲೇಟ್’ ಎಂಬ ಮಾತು ಬಂತು, ಅಂದರೆ ತೆನೆ ಕಟ್ಟುವ ಪರವಾನಗಿ. ಗೋಡೆ ಎಲ್ಲರ ಮನೆಗೂ ಇರುತ್ತದೆ. ನಿಂತು ಹೋರಾಡಬಹುದಾದ ಗೋಡೆಗೆ ಮಾತ್ರ ತೆನೆ ಇರುತ್ತದೆ. ಹೀಗಾಗಿ ಇಡೀ ರಕ್ಷಣೆಯ ಏರ್ಪಾಟಿಗೆ ಆ ಒಂದು ಅಂಗದ ಹೆಸರೇ ನಿಂತಿತು.

ಪರವಾನಗಿಯಲ್ಲಿ ಏನು ಬರೆದಿರುತ್ತಿತ್ತು? ನೀವು ಟಿಪ್ಪಣಿಯನ್ನು ಓದಿದ್ದೀರಿ, ಮೂಲವನ್ನು ನೋಡಿರಲಿಕ್ಕಿಲ್ಲ. ಅದು ಲ್ಯಾಟಿನ್‌ನಲ್ಲಿರುವ ಬಹಿರಂಗ ಪತ್ರ. ಮಡಿಚಿ ಮುದ್ರೆ ಒತ್ತಿದ ಗುಟ್ಟಿನ ಓಲೆಯಲ್ಲ. ಎಲ್ಲರೂ ಓದಲಿ ಎಂದು ತೆರೆದಿಟ್ಟು, ಅರಸನ ದೊಡ್ಡ ಮುದ್ರೆಯನ್ನು ಕೆಳಗೆ ತೂಗಿಬಿಟ್ಟ ಪತ್ರ. ಮೂಲ ಪ್ರತಿ ಬೇಡಿದವನ ಕೈಗೆ ಹೋಗುತ್ತಿತ್ತು; ಅದರ ನಕಲನ್ನು ಗುಮಾಸ್ತರು ಚರ್ಮದ ಹಾಳೆಯಲ್ಲಿ ಬರೆದು, ಹಾಳೆಯ ಬುಡಕ್ಕೆ ಇನ್ನೊಂದು ಹಾಳೆಯ ತಲೆಯನ್ನು ಹೊಲಿದು ಸುರುಳಿ ಸುತ್ತುತ್ತಿದ್ದರು. ಪೇಟೆಂಟ್ ರೋಲ್ಸ್ ಎಂಬ ಆ ಸುರುಳಿಗಳು 1201ರಿಂದ ಆರಂಭವಾಗುತ್ತವೆ. ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಒಕ್ಕಣೆ ಹೆಚ್ಚು ಕಡಿಮೆ ಒಂದೇ: ಇಂಥವನು ಇಂಥ ಊರಿನ ತನ್ನ ಮನೆಯನ್ನು ಕಲ್ಲು ಸುಣ್ಣದ ಗೋಡೆಯಿಂದ ಬಲಪಡಿಸಿ ತೆನೆ ಕಟ್ಟಬಹುದು, ಹಾಗೆ ಕಟ್ಟಿದ್ದನ್ನು ಅವನೂ ಅವನ ವಾರಸುದಾರರೂ ಇಟ್ಟುಕೊಳ್ಳಬಹುದು, ನಾವಾಗಲಿ, ನಮ್ಮ ವಾರಸುದಾರರಾಗಲಿ, ನಮ್ಮ ಅಧಿಕಾರಿಗಳಾಗಲಿ ಅಡ್ಡಿ ಮಾಡುವುದಿಲ್ಲ.

ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಗೋಡೆ ಎಷ್ಟು ದಪ್ಪ, ಗೋಪುರ ಎಷ್ಟು ಎತ್ತರ, ಕಂದಕ ಎಷ್ಟು ಆಳ ಎಂಬ ಮಾತೇ ಅಲ್ಲಿಲ್ಲ. ನಕ್ಷೆ ಇಲ್ಲ, ಪರಿಶೀಲನೆ ಇಲ್ಲ, ಮುಗಿದ ಮೇಲೆ ಬಂದು ನೋಡುವವರಿಲ್ಲ. ಮಹಾನಗರಪಾಲಿಕೆಯಲ್ಲಿ ಮನೆಯ ನಕ್ಷೆ ಮಂಜೂರು ಮಾಡಿಸಿದ ನಮಗೆ ‘ಪರವಾನಗಿ’ ಎಂದ ಕೂಡಲೇ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಇಲ್ಲಿನ ಪತ್ರ ಕಟ್ಟಡಕ್ಕೆ ಕೊಟ್ಟದ್ದಲ್ಲ, ಮನುಷ್ಯನಿಗೆ ಕೊಟ್ಟದ್ದು.

ಈಗ ನಿಯಮದ ಮಾತು. ಬೇರು ಹಳೆಯದು, ಅದು ಇಂಗ್ಲೆಂಡಿನದೂ ಅಲ್ಲ. 1091ರಲ್ಲಿ, ಇಂಗ್ಲೆಂಡನ್ನು ಗೆದ್ದ ವಿಲಿಯಂನ ಮಕ್ಕಳು ತಮ್ಮ ತಂದೆಯ ಕಾಲದ, ಫ್ರಾನ್ಸಿನ ನಾರ್ಮಂಡಿ ಸೀಮೆಯ ರೂಢಿಗಳನ್ನು ಬರೆಯಿಸಿದರು. ಅದರಲ್ಲಿ ಒಂದು ಕಟ್ಟಳೆ ನನಗೆ ಬಹಳ ಇಷ್ಟ. ಬಯಲು ನೆಲದಲ್ಲಿ ಯಾರೂ ಮಿತಿ ಮೀರಿ ಆಳವಾದ ಹಳ್ಳ ತೋಡಬಾರದು. ಎಷ್ಟು ಆಳವಿರಬಹುದು? ತಳದಲ್ಲಿ ನಿಂತವನು ನಡುವೆ ಮೆಟ್ಟಿಲಿನ ನೆರವಿಲ್ಲದೆ ಮಣ್ಣನ್ನು ನೇರವಾಗಿ ದಂಡೆಗೆ ಎಸೆಯುವಷ್ಟು. ಮರದ ಬೇಲಿ ಒಂದೇ ಸಾಲು. ಅದರ ಮೇಲೆ ತೆನೆಯೂ ಕೂಡದು, ಕಾವಲುಗಾರ ಓಡಾಡುವ ಅಟ್ಟಣೆಯೂ ಕೂಡದು. ಅಳತೆಗೋಲು ಬೇಕಿಲ್ಲ, ಒಬ್ಬ ಕೂಲಿಯಾಳಿನ ತೋಳಿನ ಶಕ್ತಿಯೇ ಅಳತೆ. ದನ, ಕಳ್ಳರಿಂದ ಕಾಯುವ ಬೇಲಿಗೂ ದಂಡನ್ನು ತಡೆಯುವ ಬೇಲಿಗೂ ಗೆರೆ ಎಳೆದದ್ದು ಹೀಗೆ.

ಆ ರೂಢಿ ಇಂಗ್ಲೆಂಡಿನಲ್ಲಿ ಕಟ್ಟುನಿಟ್ಟಿನ ಕಾಯಿದೆಯಾಗಿ ಬೆಳೆಯಲಿಲ್ಲ. ಪರವಾನಗಿ ಇಲ್ಲದೆ ತೆನೆ ಕಟ್ಟಿದವನಿಗೆ ಇಂತಿಷ್ಟು ಶಿಕ್ಷೆ ಎಂದು ಮಧ್ಯಯುಗದ ಯಾವ ಸಂಸತ್ತೂ ಶಾಸನ ಮಾಡಿದ್ದಿಲ್ಲ. ಅರಸನಿಗೆ ತಡೆಯುವ ಹಕ್ಕಿದೆ ಎಂಬ ತಿಳಿವಳಿಕೆ ಇತ್ತು, ಅಷ್ಟೇ. ಪರವಾನಗಿ ಇಲ್ಲದೆ ಪ್ರಜೆ ಕೋಟೆಮನೆ ಕಟ್ಟುವಂತಿಲ್ಲ, ಪ್ರತಿಯೊಬ್ಬನೂ ತನ್ನ ಇಷ್ಟದಂತೆ ಕಟ್ಟಿದರೆ ಅಪಾಯ ಎಂದು ಸ್ಪಷ್ಟವಾಗಿ ಬರೆದಿಟ್ಟವನು ನ್ಯಾಯವಾದಿ ಎಡ್ವರ್ಡ್ ಕೋಕ್. ಅದು 17ನೇ ಶತಮಾನದಲ್ಲಿ, ಅಂದರೆ ಇಂಥ ಪತ್ರಗಳನ್ನು ಬರೆಯುವುದೇ ನಿಂತುಹೋದ ಮೇಲೆ. ಮುಂದಿನವರು ಅವನ ಮಾತನ್ನು ಹಿಂದಕ್ಕೆ ಒಯ್ದು 1300ರ ಇಂಗ್ಲೆಂಡಿಗೂ ಅಂಟಿಸಿದರು. ನಿಮ್ಮ ಟಿಪ್ಪಣಿ ಅದರದೇ ವಂಶದ ಕುಡಿ.

ಗಲ್ಲು ಎಲ್ಲಿಂದ ಬಂತು? ನನ್ನ ಊಹೆಯಲ್ಲಿ ಎರಡು ಬೇರೆ ಕಥೆಗಳು ಕಲಸಿಹೋಗಿವೆ. ಒಂದು ಸ್ಟೀಫನ್ ಅರಸನ ಕಾಲದ್ದು. 1135ರಿಂದ 1154ರವರೆಗಿನ ಅವನ ಆಳ್ವಿಕೆಯಲ್ಲಿ ಸಿಂಹಾಸನಕ್ಕಾಗಿ ಒಳಜಗಳ ನಡೆದು, ಕಂಡಕಂಡಲ್ಲಿ ಮಣ್ಣು ಮರದ ಕೋಟೆಗಳು ಎದ್ದವು. ಸಾವಿರಕ್ಕೂ ಹೆಚ್ಚು ಎಂದು ಆ ಕಾಲದ ಒಬ್ಬ ಬಖೈರುಗಾರ ಬರೆದ. ಆ ಲೆಕ್ಕವನ್ನು ಇಂದು ಯಾರೂ ನಂಬುವುದಿಲ್ಲ. ಎರಡನೇ ಹೆನ್ರಿ ಪಟ್ಟಕ್ಕೆ ಬಂದ ಮೇಲೆ ಅವುಗಳಲ್ಲಿ ಹಲವನ್ನು ಕೆಡವಿಸಿದ್ದು ನಿಜ. ಇನ್ನೊಂದು 1224ರ ಬೆಡ್‌ಫರ್ಡ್ ಮುತ್ತಿಗೆ. ಫಾಕ್ಸ್ ಡಿ ಬ್ರೊಟೇ ಎಂಬ ದಂಡನಾಯಕನ ಕಡೆಯವರು ಅರಸನ ನ್ಯಾಯಾಧೀಶನೊಬ್ಬನನ್ನೇ ಹಿಡಿದು ಕೂಡಿಹಾಕಿದರು. ಮೂರನೇ ಹೆನ್ರಿ ಎಂಟು ವಾರ ಮುತ್ತಿಗೆ ಹಾಕಿ ಕೋಟೆಯನ್ನು ಗೆದ್ದು ಒಳಗಿದ್ದವರನ್ನು ಗಲ್ಲಿಗೇರಿಸಿದ. ಅದು ದಂಗೆಗೆ ಕೊಟ್ಟ ಶಿಕ್ಷೆ. ತೆನೆಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ಬೆಡ್‌ಫರ್ಡಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಅದರ ಬಾಲದಲ್ಲಿ ನಿಮಗೆ ಬೇಕಾದದ್ದೊಂದಿದೆ. ಗೆದ್ದ ಮೇಲೆ ಅರಸ ಹೊರಡಿಸಿದ ಅಪ್ಪಣೆಯಲ್ಲಿ ದೊಡ್ಡ ಗೋಪುರ, ಹೊರಗೋಡೆ ನೆಲಸಮವಾಗಲಿ, ಕಂದಕಗಳು ಮುಚ್ಚಿಹೋಗಲಿ ಎಂದಿತ್ತು. ಒಳ ಅಂಗಳದ ಗೋಡೆಯನ್ನು ಮಾತ್ರ ಅರ್ಧ ಎತ್ತರಕ್ಕೆ ಇಳಿಸಿ, ತೆನೆ ಇಲ್ಲದಂತೆ ಉಳಿಸಬೇಕು. ಆ ಜಾಗದ ಹಕ್ಕುದಾರ ವಿಲಿಯಂ ಡಿ ಬ್ಯೂಚಾಂಪ್ ಅಲ್ಲಿ ಮನೆ ಕಟ್ಟಿಕೊಂಡು ಇರಬಹುದು. ಮನೆಗೆ ಅಡ್ಡಿಯಿಲ್ಲ, ತೆನೆ ಬೇಡ. ವಾಡೆ ಎಲ್ಲಿ ಮುಗಿಯುತ್ತದೆ, ಕೋಟೆ ಎಲ್ಲಿ ಶುರುವಾಗುತ್ತದೆ ಎಂಬ ನಿಮ್ಮ ತಂದೆಯವರ ಪ್ರಶ್ನೆಗೆ ಅರಸನ ಬಾಯಿಂದಲೇ ಬಂದ ಉತ್ತರ ಇದು.

ಇನ್ನು ಜಾರಿಯ ವಿಚಾರ. 1200ರಿಂದ 16ನೇ ಶತಮಾನದ ನಡುವಿನವರೆಗೆ ಐದು ನೂರಕ್ಕೂ ಹೆಚ್ಚು ಪರವಾನಗಿಗಳು ಸಿಕ್ಕಿವೆ. ಕಟ್ಟಿದ ಕೋಟೆಮನೆಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. 1415ರಲ್ಲಿ, ಐದನೇ ಹೆನ್ರಿ ಫ್ರಾನ್ಸಿಗೆ ದಂಡೆತ್ತಿ ಹೋಗುವ ಮುನ್ನ, ಸ್ಕಾಟ್ಲೆಂಡಿನ ಗಡಿಯಲ್ಲಿರುವ ನಾರ್ಥಂಬರ್‌ಲ್ಯಾಂಡ್ ಒಂದರಲ್ಲೇ ಇರುವ ಕೋಟೆ, ಗೋಪುರಮನೆಗಳ ಪಟ್ಟಿ ಮಾಡಿಸಿದರು. ನೂರಕ್ಕೂ ಹೆಚ್ಚು ಹೆಸರುಗಳಿವೆ. ಪರವಾನಗಿ ಕಾಣುವುದು ಕೆಲವಕ್ಕೆ ಮಾತ್ರ. ಉಳಿದವರನ್ನು ಯಾರೂ ಕೇಳಲಿಲ್ಲ. ಕೇಳುವುದಾದರೂ ಏಕೆ? ಗಡಿಯಲ್ಲಿ ಗಟ್ಟಿ ಗೋಡೆ ಎದ್ದರೆ ಅರಸನಿಗೆ ಅದು ಬಿಟ್ಟಿ ಕಾವಲು. ಲಿಂಕನ್‌ಶೈರಿನ ಟ್ಯಾಟರ್‌ಶಲ್‌ನಲ್ಲಿ ಖಜಾಂಚಿ ರಾಲ್ಫ್ ಕ್ರಾಮ್ವೆಲ್ 15ನೇ ಶತಮಾನದಲ್ಲಿ ಎತ್ತಿದ ಇಟ್ಟಿಗೆಯ ಗೋಪುರ ಮೈಲಿಗಳ ದೂರಕ್ಕೆ ಕಾಣುತ್ತದೆ. ಅದಕ್ಕೆ ಪರವಾನಗಿ ಸಿಕ್ಕಿಲ್ಲ. ಕೇಳದೆ ಕಟ್ಟಿ ಆಮೇಲೆ ಕ್ಷಮಾಪತ್ರ ತೆಗೆದುಕೊಂಡವರೂ ಸುರುಳಿಗಳಲ್ಲಿ ಕಾಣುತ್ತಾರೆ. ನಮ್ಮ ಊರುಗಳ ಅಕ್ರಮ ಸಕ್ರಮ ನೆನಪಾದರೆ ತಪ್ಪಿಲ್ಲ.

ಅರಸ ನಿರಾಕರಿಸಿದ ಉದಾಹರಣೆ ಹುಡುಕುವುದು ಕಷ್ಟ. ಇಲ್ಲಿ ಒಂದು ಎಚ್ಚರಿಕೆ: ಸುರುಳಿಯಲ್ಲಿ ಕೊಟ್ಟದ್ದು ದಾಖಲಾಗುತ್ತದೆ, ಕೊಡದೇ ಹೋದದ್ದು ದಾಖಲಾಗುವುದಿಲ್ಲ. ಹಾಗಾಗಿ ‘ಎಲ್ಲರಿಗೂ ಸಿಗುತ್ತಿತ್ತು’ ಎಂದು ಹೇಳಿಬಿಡಬೇಡಿ. ಆದರೆ ಕೊಟ್ಟವರ ಪಟ್ಟಿ ನೋಡಿದರೆ ಅರಸನ ಭಯ ಅಷ್ಟೇನೂ ಕಾಣುವುದಿಲ್ಲ. ಎರಡನೇ ಎಡ್ವರ್ಡನಿಗೆ ಅತ್ಯಂತ ದೊಡ್ಡ ವಿರೋಧಿ ಯಾರು ಎಂದರೆ ಅವನ ದಾಯಾದಿ, ಲ್ಯಾಂಕಾಸ್ಟರಿನ ಥಾಮಸ್. 1312ರಲ್ಲಿ ಅರಸನ ಪ್ರಾಣಸ್ನೇಹಿತ ಗ್ಯಾವೆಸ್ಟನ್‌ನನ್ನು ಕೊಲ್ಲಿಸಿದವರಲ್ಲಿ ಇವನೂ ಒಬ್ಬ. ಮರುವರ್ಷವೇ ಉತ್ತರದ ಕಡಲದಂಡೆಯ ಡನ್‌ಸ್ಟನ್‌ಬರೋದಲ್ಲಿ ಭಾರೀ ಕೋಟೆಯ ಕೆಲಸ ಶುರು ಮಾಡಿದ. 1315ರಲ್ಲಿ ಪರವಾನಗಿ ಕೇಳಿದ, ಅರಸ ಕೊಟ್ಟ! ಏಳು ವರ್ಷಗಳ ನಂತರ ದಂಗೆಯಲ್ಲಿ ಸೋತ ಅವನ ತಲೆ ಹೋಯಿತು, ಆದರೆ ಕೋಟೆ ಕಟ್ಟಿದ ತಪ್ಪಿಗಲ್ಲ. ಗೋಡೆಗಳನ್ನು ಹದ್ದುಬಸ್ತಿನಲ್ಲಿಡುವ ಸಾಧನವೇ ಈ ಪರವಾನಗಿ ಎನ್ನುವವರು ಡನ್‌ಸ್ಟನ್‌ಬರೋಗೆ ಏನು ಹೇಳುತ್ತಾರೋ ನನಗೆ ತಿಳಿಯದು.

ಶುಲ್ಕ ಕೇಳಿದ್ದೀರಿ. ಅದನ್ನು ಬೇಗ ಮುಗಿಸುತ್ತೇನೆ: ದೊಡ್ಡ ಮೊತ್ತದ ಮಾತಿಲ್ಲ. ಕೆಲವು ನಮೂದುಗಳ ಕೊನೆಗೆ ಸಣ್ಣ ಮೊತ್ತ ಕಾಣುತ್ತದೆ, ಹೆಚ್ಚಿನವುಗಳಲ್ಲಿ ಅದೂ ಇಲ್ಲ. ಬೊಕ್ಕಸ ತುಂಬಿಸುವ ಉಪಾಯ ಇದಾಗಿರಲಿಲ್ಲ. ಆ ನಮೂದುಗಳ ಕೊನೆಯಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆ. ‘ಅರಸನ ಸ್ವಂತ ಮಾತಿನ ಮೇರೆಗೆ’, ‘ಖಾಸಗಿ ಮುದ್ರೆಯ ಓಲೆಯ ಮೇರೆಗೆ’ ಎಂಬಂಥ ಒಂದು ಸಾಲು ಇರುತ್ತದೆ. ಎಷ್ಟೋ ಸಲ ಯಾರು ಶಿಫಾರಸು ಮಾಡಿದರು ಎಂಬುದೂ ಇರುತ್ತದೆ. ಬೆಲೆ ಇದ್ದದ್ದು ಆ ಸಾಲಿಗೆ. ಹಣ ಕೊಟ್ಟರೆ ಸಿಗುವ ಕಾಗದವಲ್ಲ, ಅರಸನ ಕಿವಿಯ ಹತ್ತಿರ ಒಬ್ಬನಾದರೂ ತನ್ನವನು ಇದ್ದರೆ ಸಿಗುವ ಕಾಗದ. ಯಾರ್ಕ್‌ಶೈರಿನ ಬೋಲ್ಟನ್ ಕೋಟೆಯ ರಿಚರ್ಡ್ ಸ್ಕ್ರೋಪ್‌ನನ್ನೇ ನೋಡಿ. 1379ರಲ್ಲಿ ಪರವಾನಗಿ ಪಡೆದಾಗ ಅವನೇ ರಾಜ್ಯದ ಚಾನ್ಸಲರ್, ಅಂದರೆ ದೊಡ್ಡ ಮುದ್ರೆ ಇದ್ದದ್ದು ಅವನ ವಶದಲ್ಲೇ. ಅಷ್ಟೇ ಅಲ್ಲ, ಜಾನ್ ಲೆವಿನ್ ಎಂಬ ಹೆಸರಾಂತ ಕಲ್ಲುಕೆಲಸದ ಮೇಸ್ತ್ರಿಯ ಜೊತೆ ಅವನು ಕರಾರು ಬರೆದುಕೊಂಡದ್ದು 1378ರ ಸೆಪ್ಟೆಂಬರಿನಲ್ಲಿ. ಕೆಲಸ ಮೊದಲು, ಕಾಗದ ಆಮೇಲೆ.

ಡರ್ಹಮ್ ಸೀಮೆಯಲ್ಲಿ ಬಿಷಪ್ಪನಿಗೇ ಅರಸನ ಅಧಿಕಾರಗಳಿದ್ದವು. ಅಲ್ಲಿ ಪರವಾನಗಿ ಕೊಡುತ್ತಿದ್ದವನೂ ಅವನೇ. ರಾಲ್ಫ್ ಲಮ್ಲಿ 1389ರಲ್ಲಿ ಬಿಷಪ್ಪನಿಂದ ಪತ್ರ ಪಡೆದ. ಕಾನೂನಿನ ಪ್ರಕಾರ ಅಷ್ಟು ಸಾಕು. ಆದರೂ 1392ರಲ್ಲಿ ಎರಡನೇ ರಿಚರ್ಡ್ ಅರಸನಿಂದ ಇನ್ನೊಂದು ಪಡೆದ. ಒಂದೇ ಮನೆ, ಎರಡು ಕಾಗದ. ತಡೆಯುವವರಿಂದ ತಪ್ಪಿಸಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ಎರಡನೆಯದು ಬೇಕಿರಲಿಲ್ಲ.

ಹಾಗಾದರೆ ನಿಮ್ಮನ್ನು ತಿದ್ದಿದ ಹಿರಿಯರು ಗೆದ್ದರೇ? ನಿಲ್ಲಿ. ‘ಬರೀ ದೊಡ್ಡಸ್ತಿಕೆ’ ಎಂಬ ಮಾತು ಕಳೆದ ನಾಲ್ಕೈದು ದಶಕಗಳಲ್ಲಿ ವಿದ್ವಾಂಸರ ನಡುವೆ ಬಲವಾಗಿ ಬೇರೂರಿದೆ, ಬಹುಪಾಲು ಸರಿಯೂ ಹೌದು. ಪಡೆದವರಲ್ಲಿ ದೊಡ್ಡ ಅರ್ಲ್‌ಗಳಿಗಿಂತ ಹೊಸದಾಗಿ ತಲೆಯೆತ್ತಿದವರೇ ಹೆಚ್ಚು: ಅರಸನ ಗುಮಾಸ್ತರು, ಫ್ರಾನ್ಸಿನ ಯುದ್ಧದಲ್ಲಿ ಹಣ ಮಾಡಿದ ನೈಟ್‌ಗಳು, ಲಂಡನ್ನಿನ ವರ್ತಕರು, ಮಠಾಧೀಶರು. ಆದರೆ ನಾರ್ಥಂಬರ್‌ಲ್ಯಾಂಡಿನ ಏಡನ್‌ಗೆ ಹೋಗಿ ನೋಡಿ. ರಾಬರ್ಟ್ ಡಿ ರೇಮ್ಸ್ ಶಾಂತಿಯ ಕಾಲವೆಂದು ನಂಬಿ ಮನೆ ಕಟ್ಟತೊಡಗಿದ. ಸ್ಕಾಟರ ಜೊತೆ ಯುದ್ಧ ಹತ್ತಿಕೊಂಡಿತು. 1305ರಲ್ಲಿ ಪರವಾನಗಿ ಪಡೆದು ಗೋಡೆ ಎಬ್ಬಿಸಿದ. 1315ರಲ್ಲಿ ಸ್ಕಾಟರು ಬಂದು ಹಿಡಿದೇ ಹಿಡಿದರು. ಅವನಿಗೆ ತೆನೆ ಅಲಂಕಾರವಾಗಿರಲಿಲ್ಲ. ದಕ್ಷಿಣದ ಕರಾವಳಿಯಲ್ಲಿ ಫ್ರೆಂಚರು 1377ರಲ್ಲಿ ರೈ ಪಟ್ಟಣವನ್ನು ಸುಟ್ಟರು. 1385ರಲ್ಲಿ ಎಡ್ವರ್ಡ್ ಡ್ಯಾಲಿಂಗ್‌ರಿಜ್ ಎಂಬ ನೈಟ್‌ಗೆ ಬೋಡಿಯಂನಲ್ಲಿ ಕಟ್ಟಲು ಕೊಟ್ಟ ಪತ್ರದಲ್ಲಿ ‘ಸುತ್ತಲ ನಾಡಿನ ರಕ್ಷಣೆಗಾಗಿ, ನಮ್ಮ ಶತ್ರುಗಳನ್ನು ಎದುರಿಸಲಿಕ್ಕಾಗಿ’ ಎಂದೇ ಇದೆ. ಬೋಡಿಯಂ ನಿಜವಾಗಿ ಮುತ್ತಿಗೆ ತಡೆಯುತ್ತಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಬಾಗಿಲ ಗೋಪುರದಲ್ಲಿ ಬಂದೂಕಿನ ಕಿಂಡಿಗಳಿವೆ. ಅದೇ ಕೋಟೆಯ ಹಿಂಬದಿಯಲ್ಲಿ ಧಾರಾಳ ಕಿಟಕಿಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಡ್ಯಾಲಿಂಗ್‌ರಿಜ್‌ಗೆ ಎರಡೂ ಬೇಕಿತ್ತು. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ನಮ್ಮದು, ಅವನದಲ್ಲ.

ಪ್ರಸಂಗಕ್ಕೆ ಒಂದು ಮಾತು: ಬೋಡಿಯಂ ಮತ್ತು ಟ್ಯಾಟರ್‌ಶಲ್ ಎರಡನ್ನೂ ಕೊಂಡು ರಿಪೇರಿ ಮಾಡಿಸಿ, 1925ರಲ್ಲಿ ಸಾಯುವಾಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಹೋದವನು ಲಾರ್ಡ್ ಕರ್ಜನ್. ಭಾರತದ ವೈಸರಾಯ್ ಆಗಿದ್ದಾಗ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ತಂದವನೂ ಅವನೇ. ಬಂಗಾಳವನ್ನು ಒಡೆದವನ ಕೈಯಲ್ಲಿ ಎಷ್ಟೋ ಗೋಡೆಗಳು ಒಡೆಯದೆ ಉಳಿದವು.

ಈ ಎಲ್ಲವನ್ನೂ ಒಬ್ಬ ಮನುಷ್ಯನ ಅಂಗಳಕ್ಕೆ ತಂದು ನೋಡೋಣ. ನಿಮಗೆ ಹತ್ತಿರವೇ ಆದ ಶ್ರಾಪ್‌ಶೈರಿನ ಸ್ಟೋಕ್ಸೆ. ಒಡೆಯ ಲಡ್ಲೋ ಪಟ್ಟಣದ ಲಾರೆನ್ಸ್, ಉಣ್ಣೆ ವ್ಯಾಪಾರಿ, ಅರಸರಿಗೇ ಸಾಲ ಕೊಡುವಷ್ಟು ಸಿರಿವಂತ. 1280ರ ದಶಕದಲ್ಲಿ ಜಮೀನು ಕೊಂಡು ಭವ್ಯವಾದ ಮನೆ ಎಬ್ಬಿಸಿದ. ಅವನ ಮುಂದೆ ಇದ್ದ ದಾರಿಗಳು ಯಾವುವು?

ಕೇಳದೆ ಕಟ್ಟಬಹುದಿತ್ತು. ಎಷ್ಟೋ ಜನ ಹಾಗೆ ಮಾಡಿದ್ದರು. ಅರಸನ ಕಡೆಯಿಂದ ಅಪಾಯ ಕಡಿಮೆ, ಆದರೆ ನೆರೆಯವರಿಂದ ಇತ್ತು. ಹುಟ್ಟಿನಿಂದ ದೊಡ್ಡವನಲ್ಲದ ವರ್ತಕ ಗೋಪುರ ಎತ್ತಿದರೆ ಹಳೆಯ ಮನೆತನದವರ ಕಣ್ಣು ಕೆಂಪಾಗುತ್ತದೆ. ನ್ಯಾಯಾಲಯದಲ್ಲಿ ತಕರಾರು ತೆಗೆಯಲು ಅವರಿಗೊಂದು ನೆಪ ಸಿಗುತ್ತದೆ, ಉತ್ತರ ಕೊಡಲು ಇವನ ಕೈಯಲ್ಲಿ ಏನೂ ಇರುವುದಿಲ್ಲ. ಎರಡನೆಯ ದಾರಿ, ತೆನೆಯ ಆಸೆಯನ್ನೇ ಬಿಟ್ಟು ಒಳ್ಳೆಯ ಮನೆಯಲ್ಲಿ ಸುಖವಾಗಿರುವುದು. ಖರ್ಚು ಉಳಿಯುತ್ತದೆ, ಆದರೆ ಹೊಸ ಸಿರಿವಂತ ಹೊಸ ಸಿರಿವಂತನಾಗಿಯೇ ಉಳಿಯುತ್ತಾನೆ, ಮಗನಿಗೆ ಹೆಣ್ಣು ತರುವಾಗ ಅದರ ಬೆಲೆ ತಿಳಿಯುತ್ತದೆ. ಮೂರನೆಯದು ಪರವಾನಗಿ. ಲಾರೆನ್ಸ್ ಹಿಡಿದದ್ದು ಅದನ್ನೇ: 1291ರಲ್ಲಿ ಒಂದನೇ ಎಡ್ವರ್ಡ್ ಅರಸನಿಂದ ಪತ್ರ ಬಂತು. ಅದರಲ್ಲೂ ಅಪಾಯವಿಲ್ಲದಿಲ್ಲ. ಅರಸನ ಹತ್ತಿರ ಹೋದವನನ್ನು ಅರಸ ಮರೆಯುವುದಿಲ್ಲ. 1294ರಲ್ಲಿ ಫ್ರಾನ್ಸಿನ ಮೇಲೆ ಯುದ್ಧಕ್ಕೆ ಹಣ ಬೇಕಾದಾಗ ಉಣ್ಣೆಯ ಮೇಲೆ ಭಾರೀ ಸುಂಕ ಬಿತ್ತು. ಅದನ್ನು ಒಪ್ಪಿಸುವುದರಲ್ಲಿ ಲಾರೆನ್ಸ್‌ನ ಕೈಯಿತ್ತು. ಅದೇ ವರ್ಷ ಅರಸನ ಉಣ್ಣೆಯನ್ನು ಹೇರಿಕೊಂಡು ಹೋಗುತ್ತಿದ್ದ ಹಡಗು ಮುಳುಗಿ ಅವನು ಸತ್ತ. ಕುರಿ ಸಾಕಿದವರ ಶಾಪ ತಟ್ಟಿತು ಎಂಬ ಧಾಟಿಯಲ್ಲಿ ಒಂದು ಮಠದ ದಿನಚರಿಕಾರ ಬರೆದ.

ಮನೆ ಉಳಿಯಿತು. ದಕ್ಷಿಣದ ಗೋಪುರಕ್ಕೆ ತೆನೆಗಳಿವೆ, ದೂರದಿಂದ ನೋಡಿದರೆ ಗದರಿಸುವಂತಿದೆ. ಒಳಗಿನ ಹಜಾರಕ್ಕೆ ಬಂದರೆ ಆಳೆತ್ತರವನ್ನು ಮೀರಿದ ಕಿಟಕಿಗಳು. ಹೊರಬದಿಯ ಕಿಟಕಿಗಳೂ ಅಷ್ಟೇ ದೊಡ್ಡವು. ದಂಡು ಬಂದರೆ ಏಣಿಯೂ ಬೇಡ, ಕಿಟಕಿಯಿಂದಲೇ ಬರಬಹುದು. 1645ರ ಅಂತರ್ಯುದ್ಧದಲ್ಲಿ ಸಂಸತ್ತಿನ ಸೇನೆ ಬಂದು ಶರಣಾಗಲು ಹೇಳಿದಾಗ ಒಳಗಿದ್ದವರು ಜಗಳಕ್ಕೆ ನಿಲ್ಲದೆ ಒಪ್ಪಿಸಿಬಿಟ್ಟರು.

ಈಗ ನಿಮ್ಮ ಶನಿವಾರಕ್ಕೆ ಬರೋಣ. ಟಿಪ್ಪಣಿಯಲ್ಲಿ ಪರವಾನಗಿಯ ವರ್ಷ ಇದ್ದರೆ, ಮನೆ ಕಟ್ಟಿದ ವರ್ಷವೂ ಅದೇ ಎಂದು ಹೇಳಬೇಡಿ. ನನಗೆ ತಿಳಿದಂತೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಬೋಲ್ಟನ್, ಡನ್‌ಸ್ಟನ್‌ಬರೋಗಳಲ್ಲಿ ಕೆಲಸ ಮೊದಲೇ ಶುರುವಾಗಿತ್ತು. ಲೆಸ್ಟರ್‌ಶೈರಿನ ಕರ್ಬಿ ಮಕ್ಸ್‌ಲೋದಲ್ಲಿ ವಿಲಿಯಂ ಹೇಸ್ಟಿಂಗ್ಸ್‌ಗೆ 1474ರಲ್ಲಿ ಪತ್ರ ಸಿಕ್ಕರೂ ಕೆಲಸ ಹಿಡಿದದ್ದು 1480ರಲ್ಲಿ. 1483ರಲ್ಲಿ ಅವನ ತಲೆ ಹೋಯಿತು, ಇಟ್ಟಿಗೆಯ ಕೋಟೆ ಅರ್ಧಕ್ಕೆ ನಿಂತು ಇಂದಿಗೂ ಹಾಗೆಯೇ ಇದೆ. ಟ್ಯಾಟರ್‌ಶಲ್‌ಗೂ 1231ರ ಒಂದು ಪರವಾನಗಿ ಇದೆ, ಆದರೆ ಅದು ಇಂದು ನಿಂತಿರುವ ಇಟ್ಟಿಗೆಯ ಗೋಪುರದ್ದಲ್ಲ, ಇನ್ನೂರು ವರ್ಷ ಹಿಂದಿನ ಬೇರೆ ಕಟ್ಟಡದ್ದು. ಡ್ಯಾಲಿಂಗ್‌ರಿಜ್‌ಗೆ ಒಪ್ಪಿಗೆ ಸಿಕ್ಕದ್ದು ಇದ್ದ ಮನೆಯನ್ನು ಬಲಪಡಿಸಲು. ಅವನು ಹೊಸ ಜಾಗದಲ್ಲಿ ಹೊಸ ಕೋಟೆಯನ್ನೇ ಕಟ್ಟಿದ, ಯಾರೂ ಚಕಾರ ಎತ್ತಲಿಲ್ಲ. ಪತ್ರ ಪಡೆದು ಒಂದು ಕಲ್ಲನ್ನೂ ಇಡದವರೂ ಇದ್ದರು.

ನಿಮ್ಮ ಮನೆಯ ಪತ್ರದ ನಮೂದನ್ನು ಹುಡುಕಿ. ಪೇಟೆಂಟ್ ಸುರುಳಿಗಳ ಇಂಗ್ಲಿಷ್ ಸಾರಾಂಶದ ಸಂಪುಟಗಳು ಅಚ್ಚಾಗಿವೆ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಯಾರ ಹೆಸರಿದೆ, ಆ ವರ್ಷ ಅವನು ಯಾವ ಹುದ್ದೆಯಲ್ಲಿದ್ದ, ಯಾರ ಶಿಫಾರಸಿನ ಮೇಲೆ ಕೊಟ್ಟರು, ಈ ಮೂರನ್ನು ಬರೆದುಕೊಳ್ಳಿ. ಆಮೇಲೆ ‘ಅಪ್ಪಣೆ ಇಲ್ಲದೆ ಕಟ್ಟಿದರೆ ಕೆಡವುತ್ತಿದ್ದರು’ ಎನ್ನುವ ಬದಲು, ‘ಈ ಮನೆಯ ಒಡೆಯ ಇಂಥ ವರ್ಷ ಅರಸನಿಗೆ ಎಷ್ಟು ಹತ್ತಿರದವನಾಗಿದ್ದ ಎಂದರೆ, ಅದನ್ನು ಮುದ್ರೆ ಒತ್ತಿಸಿ ಬರೆಸಿಕೊಂಡ’ ಎಂದು ಶುರು ಮಾಡಿ. ಗಲ್ಲಿನಷ್ಟು ರೋಚಕವಲ್ಲ, ಒಪ್ಪುತ್ತೇನೆ. ಮಕ್ಕಳ ಗುಂಪು ಬಂದರೆ ನಾರ್ಮಂಡಿಯ ಹಳ್ಳದ ಕಟ್ಟಳೆಯನ್ನು ಹೇಳಿ. ಪ್ರತಿಯೊಬ್ಬರೂ ತೋಳು ಎತ್ತಿ ಅಳತೆ ನೋಡುತ್ತಾರೆ. ಇನ್ನೊಂದು ಮಾತು ಹೇಳಿ ನಗಿಸಬಹುದು: ರಕ್ಷಿತ ಸ್ಮಾರಕವೆಂದು ಪಟ್ಟಿಯಾದ ಕಟ್ಟಡದ ಒಂದು ತೆನೆ ಬಿದ್ದರೆ, ಅದನ್ನು ಮತ್ತೆ ಕೂರಿಸಲು ಇವತ್ತು ಬೇಕಾಗುವ ಸರ್ಕಾರಿ ಒಪ್ಪಿಗೆ 1385ಕ್ಕಿಂತ ಬಹಳ ಕಟ್ಟುನಿಟ್ಟಿನದು.

ನಿಮ್ಮ ತಂದೆಯವರು ಮತ್ತೆ ಬಂದಾಗ ಕೆಂಟ್‌ನ ಕೂಲಿಂಗ್‌ಗೆ ಕರೆದುಕೊಂಡು ಹೋಗಿ. ಕೋಟೆಯ ಒಳಗೆ ಬಿಡುವುದಿಲ್ಲ, ಹೆಬ್ಬಾಗಿಲನ್ನು ರಸ್ತೆಯಿಂದಲೇ ನೋಡಬಹುದು. ಜಾನ್ ಡಿ ಕೋಬಮ್ 1381ರಲ್ಲಿ ಪರವಾನಗಿ ಪಡೆದು ಇದನ್ನು ಕಟ್ಟಿದ. ಅದೇ ವರ್ಷ ಕೆಂಟ್‌ನ ರೈತರು ದಂಗೆ ಎದ್ದಿದ್ದರು. ಪೆಟ್ಟಿಗೆಯಲ್ಲಿಟ್ಟ ಚರ್ಮದ ಪತ್ರ ಅವನಿಗೆ ಸಾಲಲಿಲ್ಲ. ತಾಮ್ರದ ಫಲಕ ಮಾಡಿಸಿ, ಕೆಳಗೆ ತನ್ನ ಲಾಂಛನದ ಮುದ್ರೆ ತೂಗುತ್ತಿರುವಂತೆ ಬರೆಸಿ, ದಾರಿಹೋಕರಿಗೆ ಕಾಣುವಂತೆ ಗೋಪುರಕ್ಕೆ ಜಡಿಸಿದ. ಭಾಷೆಯೂ ಲ್ಯಾಟಿನ್ ಅಲ್ಲ, ಊರವರಾಡುವ ಇಂಗ್ಲಿಷ್: ಈಗಿರುವವರೂ ಮುಂದೆ ಬರುವವರೂ ತಿಳಿಯಿರಿ, ನಾಡಿನ ನೆರವಿಗಾಗಿ ನನ್ನನ್ನು ಕಟ್ಟಿದರು, ಅದಕ್ಕೆ ಇದೇ ಸನ್ನದು, ಇದೇ ಸಾಕ್ಷಿ. ಅದು ಅರಸನ ಪರವಾನಗಿಯ ನಕಲಲ್ಲ. ಅದರ ವೇಷ ಹಾಕಿಕೊಂಡು ಮನೆಯೇ ಆಡುವ ಮಾತು. ತಾಮ್ರಶಾಸನಗಳ ನಾಡಿನಿಂದ ಬಂದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.